ರೊಟ್ಟಿಯಕ್ಕನಿಗೆ ಹಾಕಿದ ಜಾಮೀನು

ಸ್ವಯಂ ನಿವೃತ್ತಿಯ ಅರ್ಜಿಯನ್ನು ಟೈಪು ಮಾಡಿ ಮೇಜಿನ ಡ್ರಾಯರಿನಲ್ಲಿಟ್ಟು ಇಡೀ ಒಂದು ಮಳೆಗಾಲ ಕಳೆದಿದ್ದೆ. ತಾರೀಕು ಬರೆದು ಸಹಿ ಹಾಕುವುದೊಂದೇ ಬಾಕಿ. ತಿರುವನಂತಪುರದ ಅಂಚಿನ ತುಂಬ ಎಂಬ ಊರಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ನನ್ನದು ಖರೀದಿ ವಿಭಾಗ. ವಿಜ್ಞಾನಿಗಳಿಗೆ ಬೇಕಾದ ತಿರುಪಿನಿಂದ ಹಿಡಿದು ಕೂರುವ ಕುರ್ಚಿಯವರೆಗೆ ಟೆಂಡರು ಕರೆಯುವವರು ನಾವು. ತಿರುವನಂತಪುರಕ್ಕೆ ಬಂದು ಇಪ್ಪತ್ತು ವರ್ಷ ದಾಟಿತ್ತು, ಆದರೆ ಬಂದ ದಿನದಿಂದಲೂ ನಾನು ಹೊರಟು ನಿಂತವಳೇ. ಇವತ್ತಲ್ಲ ನಾಳೆ ಹೋಗುವುದು ತಾನೇ ಎಂದು ಮಲಯಾಳವನ್ನೂ ನೆಟ್ಟಗೆ ಕಲಿಯಲಿಲ್ಲ. ಬಸ್ಸಿನಲ್ಲಿ ಟಿಕೇಟು ಕೇಳುವುದಕ್ಕೆ, ಬಾಗಿಲಿಗೆ ಬಂದವರಿಗೆ ಮೀನು ಬೇಡ ಅನ್ನುವುದಕ್ಕೆ ಎಷ್ಟು ಬೇಕೋ ಅಷ್ಟು. ತುಮಕೂರಿನಲ್ಲಿ ತಂಗಿ ತನ್ನ ಮನೆಯ ಮಹಡಿಯನ್ನು ನನಗೆಂದು ಬಾಡಿಗೆಗೆ ಕೊಡದೆ ಖಾಲಿ ಇಟ್ಟಿದ್ದಳು. ಮದುವೆಯಾಗದ ನನಗೆ ಎರಡು ಟ್ರಂಕು ಎತ್ತಿಕೊಂಡು ರೈಲು ಹತ್ತಿದರೆ ಆಯಿತು.

ಹಾಗಿದ್ದೂ ತಾರೀಕು ಬರೆಯಲಿಲ್ಲ. ಕೂತಲ್ಲಿ ಕೂರಲಾರದವಳು ನಾನು, ಎದ್ದು ಹೋಗಲಾರದವಳೂ ನಾನೇ. ದಿನಕ್ಕೊಂದು ಸಲ ಡ್ರಾಯರು ಎಳೆದು ಅರ್ಜಿಯ ಮುಖ ನೋಡಿ ಮುಚ್ಚುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಕಾರ್ಯಾಗಾರದ ಟೆಕ್ನಿಷಿಯನ್ ಒಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ಕಾಸರಗೋಡಿನವರು, ಮನೆಮಾತು ಕನ್ನಡ. ಹಿಂದಿನ ವರ್ಷವಷ್ಟೇ ಕಳಕೂಟ್ಟದಲ್ಲಿ ಸಾಲ ಮಾಡಿ ಸಣ್ಣದೊಂದು ಮನೆ ಕೊಂಡಿದ್ದರು, ಮಗಳಿಗೆ ಆಗಷ್ಟೇ ಹಲ್ಲು ಬರುತ್ತಿತ್ತು. ಕೈಯಲ್ಲಿ ಒಂದು ಕವರು ಹಿಡಿದುಕೊಂಡು ಅತ್ತಿತ್ತ ನೋಡಿದರು.

"ಮೇಡಂ, ನಿಮಗೆ ಸಹ ಬಂತಾ ಇದು?"

ಕೊಚ್ಚಿಯ ಒಂದು ಚೀಟಿ ಕಂಪನಿಯ ವಕೀಲರ ನೋಟಿಸು. ಅದರಲ್ಲಿ ನನ್ನ ಹೆಸರೂ ಇತ್ತು. ಸಂಜೆ ಮನೆಗೆ ಹೋಗಿ ನೋಡಿದರೆ ಸೀರೆ ಅಂಗಡಿಯ ಜಾಹೀರಾತುಗಳ ನಡುವೆ ಬಿದ್ದಿತ್ತು. ಚೀಟಿ ಎತ್ತಿದವರು ಕಂತು ಕಟ್ಟುವುದನ್ನು ನಿಲ್ಲಿಸಿದ್ದಾರೆ. ಜಾಮೀನು ಹಾಕಿದ ನೀವಿಬ್ಬರು ಬಾಕಿಯನ್ನು ಬಡ್ಡಿ ಸಮೇತ ಕಟ್ಟಬೇಕು. ತಪ್ಪಿದರೆ ಕೋರ್ಟಿಗೆ ಹೋಗಿ ಸಂಬಳ ಜಪ್ತಿ ಮಾಡಿಸುತ್ತೇವೆ. ಮೊತ್ತವನ್ನು ಎರಡೆರಡು ಸಲ ಓದಿದೆ. ಮಹಡಿ ಮನೆಯೂ ಹೋಯಿತು, ತುಮಕೂರೂ ಹೋಯಿತು ಅನ್ನಿಸಿತು.

"ನೀವು ಹಾಕಿದ್ದೀರಿ ಅಂತ ನೋಡಿಯೇ ನಾನು ಸೈನ್ ಹಾಕಿದ್ದು ಮೇಡಂ," ಎಂದರು ಮರುದಿನ ಟೆಕ್ನಿಷಿಯನ್ನರು. ಗದರಿಸಲಿಲ್ಲ, ನಿಜ ಹೇಳಿದರು. "ಪರ್ಚೇಸಿನವರು ಓದದೆ ಹಾಕುವುದುಂಟಾ ಅಂತ ಎಣಿಸಿದೆ."

ಓದದೆಯೇ ಹಾಕಿದ್ದೆ. ಟೆಂಡರಿನಲ್ಲಿ ಒಂದು ಪುಟಕ್ಕೆ ಸೀಲು ಬೀಳದಿದ್ದರೆ ಇಡೀ ಫೈಲು ವಾಪಸು ಕಳಿಸುವ ಹೆಂಗಸು ನಾನು. ನನ್ನನ್ನು ಕಂಡರೆ ಸರಬರಾಜುದಾರರು ಮೆಟ್ಟಿಲಲ್ಲೇ ದಾರಿ ಬದಲಿಸುತ್ತಾರೆ. ಆದರೆ ನಮ್ಮ ಕನ್ನಡದವರಲ್ಲಿ ಇದರ ಕಟ್ಟಳೆಯೇ ಬೇರೆ ಇತ್ತು. ಕೇರಳದಲ್ಲಿ ಚೀಟಿ ಎತ್ತಬೇಕಾದರೆ ಕೇಂದ್ರ ಸರ್ಕಾರಿ ನೌಕರರ ಸ್ಯಾಲರಿ ಸರ್ಟಿಫಿಕೇಟಿನಷ್ಟು ಗಟ್ಟಿಯಾದ ಜಾಮೀನು ಇನ್ನೊಂದಿಲ್ಲ. ಊರಿನ ಆಸ್ತಿ ಇಲ್ಲಿ ನಡೆಯದು, ನೆಂಟರು ಇಲ್ಲಿಲ್ಲ. ಹಾಗಾಗಿ ನಾವು ಒಬ್ಬರಿಗೊಬ್ಬರು ಸರ್ಟಿಫಿಕೇಟು ಕೊಟ್ಟುಕೊಳ್ಳುತ್ತಿದ್ದೆವು. ನಾನು ಕ್ಯಾನ್ಸರ್ ಆದ ಅಣ್ಣನಿಗೆಂದು ಸೊಸೈಟಿ ಸಾಲ ತೆಗೆದಾಗ ನನಗೆ ಜಾಮೀನು ನಿಂತದ್ದು ಈಗ ಈ ಚೀಟಿ ಎತ್ತಿರುವ ಗೆಳತಿಯ ಗಂಡ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಹಾಗೆ. ಕೊಟ್ಟವರು ಯಾಕೆಂದು ಕೇಳುವಂತಿಲ್ಲ. ಎದುರಿಗೇ ಕೂತು ಕಾಗದ ಓದಿದರಂತೂ ಮುಗಿಯಿತು, ನಂಬಿಕೆಯಿಲ್ಲ ಎಂದು ಮುಖಕ್ಕೇ ಹೇಳಿದ ಹಾಗೆ.

ಸಹಿ ಹಾಕಿದ್ದು ನವೆಂಬರ್ ಒಂದರಂದು. ನಮಗೆ ರಾಜ್ಯೋತ್ಸವ, ಇವರಿಗೂ ಅದೇ ದಿನ ಕೇರಳದ ಹುಟ್ಟುಹಬ್ಬ. ಊರಿಗೆ ಊರೇ ಜರಿಯಂಚಿನ ಕಸವು ಸೀರೆ ಉಟ್ಟಿರುವಾಗ ನಾವು ಹಳದಿ ಕೆಂಪು ಶಾಲು ಹೊದ್ದು ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಕೊಚ್ಚಿಯಿಂದ ಆ ಗೆಳತಿ ದೊಡ್ಡ ಡಬ್ಬಿಯ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದು ಕೈಗೆ ಪೆನ್ನು. "ಇಲ್ಲೊಂದು, ಇಲ್ಲೊಂದ್ರಿ ಅಕ್ಕಾರ," ಎಂದು ಅವಳು ಬೆರಳು ತೋರಿಸಿದಲ್ಲೆಲ್ಲ ಹಾಕಿದೆ. ನನ್ನ ನಂತರ ಟೆಕ್ನಿಷಿಯನ್ನರು ಹಾಕಿದರು. ಕಾಗದದ ಮೇಲೆ ತುಪ್ಪದ ಕಲೆ ಬಿತ್ತೆಂದು ನಕ್ಕೆವು.

ಅವಳು ಹುಬ್ಬಳ್ಳಿ ಕಡೆಯವಳು. ನಾನಿದ್ದ ಕ್ವಾರ್ಟರ್ಸಿನಲ್ಲೇ ಎದುರು ಮನೆಯಲ್ಲಿದ್ದವಳು. ಕನ್ನಡದ ವಿದ್ಯಾರ್ಥಿಗಳಿಗೆ ಮನೆಯಿಂದಲೇ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲಿ ರೊಟ್ಟಿಯಕ್ಕ. ಗಂಡನಿಗೆ ಕೊಚ್ಚಿಗೆ ವರ್ಗವಾದಾಗ ಕಾಕ್ಕನಾಡಿನಲ್ಲಿ ಐ.ಟಿ. ಪಾರ್ಕಿನ ಹತ್ತಿರ ಸಣ್ಣ ಮೆಸ್ ತೆರೆದಳು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಇನ್ನೊಂದು ತೆರೆಯಲು ಬ್ಯಾಂಕಿನಿಂದ ಸಾಲ ತಂದಳು, ಚೀಟಿ ಎತ್ತಿದಳು. ಆಮೇಲೆ ಎದುರಿನ ಕಂಪನಿ ತನ್ನ ಜನರನ್ನು ಮನೆಯಿಂದಲೇ ಕೆಲಸ ಮಾಡಿ ಎಂದು ಕಳಿಸಿತು. ಗಂಡನಿಗೆ ಮತ್ತೆ ವರ್ಗವಾಗಿ ವಿಶಾಖಪಟ್ಟಣಕ್ಕೆ ಹೋದ. ಮೆಸ್ ನಿನ್ನದು, ಸಾಲವೂ ನಿನ್ನದೇ ಎಂದು ಹೇಳಿಯೇ ಹೋದನಂತೆ. ಇಷ್ಟು ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಅವಳು ಕೆಲವು ತಿಂಗಳಿಂದ ಫೋನು ಎತ್ತುತ್ತಿಲ್ಲ ಎಂಬುದೊಂದೇ.

ನೋಟಿಸು ಬಂದ ವಾರದ ಶನಿವಾರ ಮನೆಯಲ್ಲಿ ನಿಲ್ಲಲಾರದೆ ಚಾಲೈ ಮಾರುಕಟ್ಟೆಗೆ ಹೋದೆ. ಏನೂ ಬೇಕಿರಲಿಲ್ಲ. ಮೂಟೆ ಹೊತ್ತವರಿಗೆ ದಾರಿ ಬಿಡುತ್ತ, ಬೆಲ್ಲದಂಗಡಿಯಿಂದ ಪಾತ್ರೆಯಂಗಡಿಗೆ, ಪಾತ್ರೆಯಂಗಡಿಯಿಂದ ಬೆಲ್ಲದಂಗಡಿಗೆ ಸುತ್ತಿದೆ. ಬ್ಯಾಡಗಿ ಮೆಣಸಿನಕಾಯಿಗೆ ನಾನೂ ಅವಳೂ ಸದಾ ಹೋಗುತ್ತಿದ್ದ ಅಂಗಡಿಯ ಯಜಮಾನರು ನನ್ನನ್ನು ಕಂಡು ತಕ್ಕಡಿ ಬಿಟ್ಟು ಎದ್ದರು. ಹುಬ್ಬಳ್ಳಿಯ ಚೇಚಿ ಎಲ್ಲಿದ್ದಾರೆ, ಕ್ಷೇಮ ತಾನೇ, ಎಂದು ಕೇಳಿದರು; ಚೇಚಿ ಎಂದರೆ ಅಕ್ಕ. ಹಳೆಯ ಬಾಕಿಯ ಮಾತು ಅವರ ಬಾಯಿಂದ ಬರಲಿಲ್ಲ, ಆದರೆ ಕೇಳಿದ ರೀತಿಯಲ್ಲೇ ಅದಿತ್ತು. ಇವರಿಗೂ ಟೋಪಿ ಹಾಕಿದ್ದಾಳೆ ಎಂದುಕೊಂಡೆ. ಮೈ ಉರಿದುಹೋಯಿತು. ಮಾರನೆಯ ದಿನವೇ ಬೆಳಗಿನ ರೈಲು ಹತ್ತಿದೆ.

ಎರ್ನಾಕುಳಂ ತಲುಪುವವರೆಗೆ ಬಯ್ಗುಳಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡೆ. ಕಾಕ್ಕನಾಡಿನ ಅವಳ ಫ್ಲ್ಯಾಟು ಕಲೆಕ್ಟರ್ ಕಚೇರಿಯ ಹಿಂದಿನ ಗಲ್ಲಿಯಲ್ಲಿ. ಬೆಲ್ಲು ಒತ್ತಿದರೆ ಕಾಲೇಜಿಗೆ ಹೋಗುವ ಮಗಳು ಬಾಗಿಲನ್ನು ಅರ್ಧ ತೆರೆದಳು. ನನ್ನ ತೊಡೆಯ ಮೇಲೆ ಕೂತು ಅನ್ನ ತಿಂದ ಮಗು ಅದು. ನಾನು ಕನ್ನಡದಲ್ಲಿ, "ಅಮ್ಮ ಎಲ್ಲಮ್ಮ?" ಎಂದೆ.

"ಅಮ್ಮ ಇವಿಡೆ ಇಲ್ಲ, ಆಂಟಿ," ಎಂದಳು ಮಲಯಾಳದಲ್ಲಿ. ಅವಳು ಯಾವತ್ತೂ ಮಲಯಾಳದಲ್ಲೇ ಉತ್ತರ ಕೊಡುವವಳು, ಅದರಲ್ಲಿ ಹೊಸದೇನೂ ಇಲ್ಲ. ಆದರೆ ಕಣ್ಣು ನನ್ನನ್ನು ನೋಡಲಿಲ್ಲ. ಬಾಗಿಲ ಪಕ್ಕದಲ್ಲಿ ಅವಳ ಅಮ್ಮನ ನೀಲಿ ಚಪ್ಪಲಿ ಇತ್ತು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಚಪ್ಪಲಿ ಬಿಟ್ಟು ಎಲ್ಲಿಗೆ ಹೋದಳು ನಿಮ್ಮಮ್ಮ?" ಎಂದು ಗಟ್ಟಿಯಾಗಿ ಕೇಳಿದೆ.

ಒಳಗೆ ಏನೋ ಬಿದ್ದ ಸದ್ದಾಯಿತು. ಅಡುಗೆಮನೆಯ ಬಾಗಿಲ ಹಿಂದಿನಿಂದ ಅವಳು ಈಚೆ ಬಂದಳು. ಮೈ ಇಳಿದಿತ್ತು. ಕಿವಿಯಲ್ಲಿ ಓಲೆಯ ಜಾಗದಲ್ಲಿ ಬೇವಿನ ಕಡ್ಡಿ. ಜೋಡಿಸಿಟ್ಟುಕೊಂಡಿದ್ದ ಬಯ್ಗುಳಗಳಲ್ಲಿ ಮೊದಲನೆಯದು ಯಾವುದೆಂದು ನನಗೆ ಮರೆತುಹೋಯಿತು.

"ಯಾಕೆ ಫೋನ್ ತೆಗೀಲಿಲ್ಲ ಕಣೆ?" ಎಂದೆ ಕೊನೆಗೆ.

"ಎತ್ತಿದ್ರ ಏನಂತ ಹೇಳ್ಲಿ ಅಕ್ಕಾರ?" ಅವಳು ನೆಲ ನೋಡುತ್ತಾ ಹೇಳಿದಳು. "ನಿಮ್ಮ ಹೆಸರಿಗೆ ನೋಟಿಸ್ ಹೋಗಬಾರ್ದು ಅಂತ ಎಷ್ಟು ಬಡಿದಾಡಿದೆ ಗೊತ್ತೈತೇನ್ರಿ? ಬಂಗಾರ ಇಟ್ಟೆ, ಫ್ರಿಜ್ ಮಾರಿದೆ. ಕಡೀಕ ಮೊಬೈಲ್‌ನಾಗ ಸಾಲ ಕೊಡ್ತಾರಲ್ಲ, ಅದನ್ನೂ ತಗೊಂಡು ಚೀಟಿ ಕಟ್ಟಿದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೆಸ್ ಮುಚ್ಚಿದ ದಿನವೇ ನಿಂತುಹೋಗಬೇಕಿದ್ದ ಚೀಟಿಯ ಕಂತನ್ನು ಇವಳು ಆ್ಯಪ್ ಸಾಲ ಮಾಡಿ ಕಟ್ಟಿದ್ದಳು. ಆ ಸಾಲ ತೀರಿಸಲು ಇನ್ನೊಂದು ಆ್ಯಪ್. ಚೀಟಿ ಕಂಪನಿಯ ಬಡ್ಡಿಗಿಂತ ಹಲವು ಪಾಲು ಹೆಚ್ಚಿನ ಬಡ್ಡಿಗೆ ತಂದು ಇಲ್ಲಿಗೆ ಸುರಿದಿದ್ದಳು. ಯಾಕೆಂದರೆ ಅಲ್ಲಿ ಅಕ್ಕನ ಸಹಿ ಇತ್ತು. ಒಂದು ಫೋನು ಮಾಡಿ ಹೀಗಾಗಿದೆ ಎಂದು ಹೇಳಿದ್ದರೆ ಸಾಲ ಅರ್ಧದಲ್ಲೇ ನಿಲ್ಲುತ್ತಿತ್ತು. ಹೇಳುವುದು ನಮ್ಮ ಕಟ್ಟಳೆಯಲ್ಲಿಲ್ಲ. ಕೊಡುವವರು ಕೇಳಬಾರದು, ತೆಗೆದುಕೊಂಡವರು ಹೇಳಬಾರದು. ಎಂಥ ಸುಡುಗಾಡು ಮರ್ಯಾದೆಯಿದು ಎಂದು ನಾನು ಜೋರಾಗಿಯೇ ಕಿರುಚಿದೆ. ಮಗಳು ಒಳಗೆ ಹೋಗಿ ಫ್ಯಾನು ಜೋರು ಮಾಡಿದಳು.

ಅವಳು ಒಬ್ಬ ವಕೀಲನನ್ನೂ ಕಂಡು ಬಂದಿದ್ದಳು. ಅವನು, ಪಾಪ್ಪರ್ ಹರ್ಜಿ ಹಾಕಿಬಿಡಿ ಚೇಚಿ, ಅಂದನಂತೆ. ದಿವಾಳಿ ಅರ್ಜಿಗೆ ಇಲ್ಲಿನ ಜನ ಹಾಗನ್ನುತ್ತಾರೆ. ಜೊತೆಗೆ, ಜಾಮೀನು ಹಾಕಿದವರು ನೋಡಿಕೊಳ್ಳುತ್ತಾರೆ, ನಿಮಗೇನು ಕಷ್ಟ, ಅಂದನಂತೆ. ಅವತ್ತಿನಿಂದ ಆ ಮಾತನ್ನೇ ಬಿಟ್ಟಿದ್ದಳು. ನನಗೆ ಅವಳ ಮಾತಿನಲ್ಲೂ ನಂಬಿಕೆ ಬರಲಿಲ್ಲ, ಆ ವಕೀಲನ ಮಾತಿನಲ್ಲೂ ಬರಲಿಲ್ಲ. ಕಾನೂನಿನಲ್ಲಿ ಏನಿದೆ ಎಂದು ನಾನೇ ಕಿವಿಯಾರೆ ಕೇಳಬೇಕಿತ್ತು. ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ಸೇವೆಯ ಕಚೇರಿ ಇರುತ್ತದೆಂದು ಗೊತ್ತಿತ್ತು. ಸೋಮವಾರ ರಜೆ ಹಾಕಿ ಅಲ್ಲೇ ಉಳಿದೆ.

ಬಸ್ ನಿಲ್ದಾಣಕ್ಕೆ ಬರಲು ಅವಳು ಒಪ್ಪಲಿಲ್ಲ. ಅಲ್ಲಿ ವಸೂಲಿಯವರು ನಿಂತಿರುತ್ತಾರಂತೆ. ಹಾಗಾಗಿ ವಾಟರ್ ಮೆಟ್ರೊ ದೋಣಿಯಲ್ಲಿ ವೈಟ್ಟಿಲಕ್ಕೆ, ಅಲ್ಲಿಂದ ಕೋರ್ಟಿಗೆ ಎಂದು ಹೊರಟೆವು. ಒಳ್ಳೆಯ ಎ.ಸಿ. ದೋಣಿ, ಎರಡೂ ಕಡೆ ಹಸಿರು, ಪ್ರವಾಸಿಗಳು ಫೋಟೊ ತೆಗೆಯುತ್ತಿದ್ದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಿದ್ದಳು. ಅವಳ ಫೋನು ಎಡೆಬಿಡದೆ ಬಡಿದುಕೊಳ್ಳುತ್ತಿತ್ತು. ಪ್ರತಿ ಸಲವೂ ಅವಳ ಹೆಗಲು ಸಣ್ಣಗೆ ನಡುಗುತ್ತಿತ್ತು. ನಾನು ಎದ್ದು ದೋಣಿಯ ಹಿಂಬದಿಗೆ ಹೋದೆ, ಮತ್ತೆ ಬಂದು ಕೂತೆ, ಮತ್ತೆ ಎದ್ದೆ. ಸಿಬ್ಬಂದಿಯೊಬ್ಬರು ಬಂದು ಕೂತುಕೊಳ್ಳಿ ಎಂದು ಕೈ ಮುಗಿದರು.

ಕಾನೂನು ಸೇವೆಯ ಕಚೇರಿಯಲ್ಲಿ ನಮಗೆ ಸಿಕ್ಕಿದ್ದು ಮೂವತ್ತರ ಆಸುಪಾಸಿನ ವಕೀಲೆ. ಅವರು ಮೊದಲು ಹೇಳಿದ್ದು, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಇಲ್ಲಿ ಫೀಸಿಲ್ಲ ಎಂದು. ನಂತರ ಮಲಯಾಳ, ಇಂಗ್ಲಿಷು ಎರಡನ್ನೂ ಬೆರೆಸಿ, ನನಗೆ ಅರ್ಥವಾಯಿತೋ ಇಲ್ಲವೋ ಎಂದು ನಡುನಡುವೆ ಮುಖ ನೋಡಿ, ನಿಧಾನವಾಗಿ ಹೇಳಿದರು. ದಿವಾಳಿಗೆ ಹೊಸ ಕೇಂದ್ರ ಕಾನೂನು ಬಂದಿದೆ ಎಂದು ಪೇಪರಿನಲ್ಲಿ ಓದಿರುತ್ತೀರಿ, ಅದರಲ್ಲಿ ಸಾಮಾನ್ಯ ವ್ಯಕ್ತಿಗಳ ಭಾಗ ಇನ್ನೂ ಜಾರಿಗೆ ಬಂದಿಲ್ಲ. ಇವರಂಥವರಿಗೆ ಈಗಲೂ ರಾಜ್ಯದ ಹಳೆಯ ಕಾನೂನೇ ಗತಿ, ಅರ್ಜಿ ಇಲ್ಲಿನ ಕೋರ್ಟಿಗೇ ಹಾಕಬೇಕು. ಯಾರ್ಯಾರಿಗೆ ಎಷ್ಟು ಕೊಡಬೇಕು, ಕೈಯಲ್ಲಿ ಏನೇನಿದೆ, ಎಲ್ಲವನ್ನೂ ಬರೆಯಬೇಕು. ಒಂದು ಉಂಗುರ ಬಚ್ಚಿಟ್ಟರೂ ಅದು ಅಪರಾಧ. ಕೋರ್ಟು ಒಪ್ಪಿ ದಿವಾಳಿ ಎಂದು ಘೋಷಿಸಿದರೆ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಬಂದು ಹಿಡಿದೆಳೆಯುವಂತಿಲ್ಲ. ಇದ್ದದ್ದನ್ನು ಕೋರ್ಟಿನ ಅಧಿಕಾರಿ ಹಂಚುತ್ತಾನೆ. ಪ್ರಾಮಾಣಿಕವಾಗಿ ನಡೆದುಕೊಂಡರೆ ಮುಂದೊಂದು ದಿನ ಬಿಡುಗಡೆ. ರಾತ್ರಿ ಬೆಳಗಾಗುವುದರಲ್ಲಿ ಮುಗಿಯುವ ಕೆಲಸವಲ್ಲ, ಎಲ್ಲವೂ ಮಾಫಿ ಎಂದು ಹೇಳುವವರನ್ನು ನಂಬಬೇಡಿ. ಆದರೆ ಅಷ್ಟರವರೆಗೆ ರಕ್ಷಣೆ ಕೊಡಿ ಎಂದು ಕೋರ್ಟನ್ನು ಕೇಳಬಹುದು.

ಅವಳು ಕೇಳಿದ್ದು ಒಂದೇ ಪ್ರಶ್ನೆ. ನನ್ನ ಕಡೆ ತಿರುಗಿ, "ರೊಟ್ಟಿ ಹಂಚು ಒಯ್ಯತಾರೇನಂತ ಕೇಳ್ರಿ," ಎಂದಳು.

ವಕೀಲೆಗೆ ಹಂಚು ಏನೆಂದು ಕೈಸನ್ನೆಯಲ್ಲಿ ತಿಳಿಸಿದೆ. ಅಡುಗೆಯ ಪಾತ್ರೆ, ಉಡುವ ಬಟ್ಟೆ, ದುಡಿಮೆಯ ಸಲಕರಣೆ, ಇವನ್ನು ಮುಟ್ಟುವುದಿಲ್ಲ ಎಂದರು. ಅವಳು ಮೊದಲ ಸಲ ಬೆನ್ನು ಸಡಿಲ ಮಾಡಿ ಕುರ್ಚಿಗೆ ಒರಗಿದಳು. ಆಗಲೇ ವಕೀಲೆ, "ಒಂದು ವಿಷಯ. ಇವರು ದಿವಾಳಿಯಾದರೂ ಜಾಮೀನುದಾರರು ಬಿಡುಗಡೆ ಆಗುವುದಿಲ್ಲ. ಕಂಪನಿ ಪೂರ್ತಿ ಅವರನ್ನೇ ಹಿಡಿಯುತ್ತದೆ. ಜಾಮೀನುದಾರರು ಯಾರು?" ಎಂದರು.

ನಾನು ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದೆ. ವಕೀಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಎದ್ದು ನಿಂತು, "ಬ್ಯಾಡ್ರಿ ಹಂಗಾರ. ಅರ್ಜಿ ಬ್ಯಾಡ," ಎಂದು ಹೊರಗೆ ನಡೆದುಬಿಟ್ಟಳು.

ನಾನು ಹಿಂದೆಯೇ ಏಳುವವಳಿದ್ದೆ. ವಕೀಲೆ ಇನ್ನೂ ಹೇಳುತ್ತಿದ್ದರು. ಡಿಕ್ರಿ ಆದಮೇಲೂ ಸಂಬಳವನ್ನೆಲ್ಲ ಎಳೆಯುವಂತಿಲ್ಲ, ಹೆಚ್ಚೆಂದರೆ ಸುಮಾರು ಮೂರನೇ ಒಂದು ಪಾಲು. ಅದಕ್ಕೂ ಮೊದಲು ಲೋಕ ಅದಾಲತ್ತಿನಲ್ಲಿ ಕೂತು ಬಡ್ಡಿ ಇಳಿಸಿ ಕಂತು ಕೇಳಬಹುದು. ಇವಳು ದಿವಾಳಿಯಾದರೆ ನನ್ನ ಕೆಲಸಕ್ಕೆ ಕುತ್ತೇ ಎಂದು ನಾನು ಕೇಳಿದೆ. ನಮ್ಮ ನಡತೆ ನಿಯಮಗಳಲ್ಲಿ ದಿವಾಳಿಯ ಮಾತು ಇದೆಯೆಂದು ಆಫೀಸಿನಲ್ಲಿ ಎಲ್ಲರಿಗೂ ಒಂದು ಹೆದರಿಕೆ. ಅದು ನೌಕರರೇ ದಿವಾಳಿಯಾದರೆ ಮಾತ್ರ ಎಂದು ನಕ್ಕರು. ಆಮೇಲೆ ಕೇಳಿದರು, "ಚೇಚಿಗೆ ನಿವೃತ್ತಿ ಯಾವಾಗ?"

ಅರ್ಜಿ ಡ್ರಾಯರಿನಲ್ಲಿದೆ ಎಂದೆ.

"ಕಾನೂನು ಏನಿದೆಯೋ ಅದನ್ನು ಹೇಳಬೇಕಾದ್ದು ನನ್ನ ಕರ್ತವ್ಯ," ಎಂದರು ಅವರು. "ಪಿಂಚಣಿ, ಗ್ರಾಚ್ಯುಟಿ, ಪಿ.ಎಫ್. ಇವನ್ನು ಜಪ್ತಿ ಮಾಡುವ ಹಾಗಿಲ್ಲ. ನೀವು ಈಗ ನಿವೃತ್ತಿ ತೆಗೆದುಕೊಂಡರೆ ಕಂಪನಿಗೆ ನಿಮ್ಮಿಂದ ವಸೂಲಿ ಬಹಳ ಕಷ್ಟ. ಇನ್ನೊಬ್ಬ ಜಾಮೀನುದಾರರ ಮೇಲೆ ಬೀಳುತ್ತದೆ, ಅಷ್ಟೆ."

ಅಷ್ಟೆ. ಅಂದರೆ ನಾನು ಒಂದು ತಾರೀಕು ಬರೆದರೆ ಸಾಕು. ಅವಳಿಗೆ ಕೋರ್ಟಿನ ರಕ್ಷಣೆ, ನನಗೆ ತುಮಕೂರಿನ ಮಹಡಿ. ಹಲ್ಲು ಬರುತ್ತಿರುವ ಮಗುವಿನ ಅಪ್ಪನಿಗೆ ಇಡೀ ಸಾಲ. ವಾಪಸು ಬರುವ ರೈಲಿನಲ್ಲಿ ನನಗೆ ಖುಷಿಯಾಗಿತ್ತು. ಮುಚ್ಚಿಡುವುದೇನು, ಮೈಮೇಲಿನ ಮೂಟೆ ಇಳಿದಷ್ಟು ಖುಷಿ. ಹತ್ತು ನಿಮಿಷ ಇರುತ್ತಿತ್ತು, ಆಮೇಲೆ ಆ ಮಗು ನೆನಪಾಗುತ್ತಿತ್ತು. ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕಾಯಂಕುಳಂ ಬಂತು, ಕೊಲ್ಲಂ ಬಂತು, ನಾನಿನ್ನೂ ಸೀಟಿಗೂ ಬಾಗಿಲಿಗೂ ಓಡಾಡುತ್ತಲೇ ಇದ್ದೆ. ಅವರೇನು ಚಿಕ್ಕ ಮಗುವೇ, ಅವರೂ ಓದಿ ಹಾಕಬೇಕಿತ್ತು ಎಂದು ನನಗೆ ನಾನೇ ವಾದ ಮಾಡಿದೆ. ವರ್ಕಲಾ ದಾಟುವ ಹೊತ್ತಿಗೆ ಆ ವಾದದಲ್ಲಿ ಗೆದ್ದೂ ಆಗಿತ್ತು.

ಮರುದಿನ ಟೆಕ್ನಿಷಿಯನ್ನರು ನನ್ನ ಮೇಜಿನ ಹತ್ತಿರ ಬರಲು ಮಧ್ಯಾಹ್ನದವರೆಗೆ ಕಾದರು. ನನ್ನ ಕೆಲಸಕ್ಕೆ ಅಡ್ಡಿಯಾಗಬಾರದಂತೆ.

"ಏನಾಯಿತು ಮೇಡಂ? ನಾನು ಮನೆಯಲ್ಲಿ ಇವಳಿಗೆ ಹೇಳಿಲ್ಲ. ಹೆದರುತ್ತಾಳೆ," ಎಂದರು. ಮತ್ತೆ ಅವರೇ, "ನೀವು ಇದ್ದೀರಲ್ಲ. ಅದೊಂದು ಧೈರ್ಯ ನನಗೆ," ಎಂದರು.

ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಯಾರು ಹೇಳಿದರು ಇವರಿಗೆ ನನ್ನನ್ನು ನಂಬಿ ಎಂದು? ಆವತ್ತು ನನ್ನ ಸಹಿ ನೋಡಿ ನಂಬಿದರು, ಇವತ್ತು ನನ್ನ ಮುಖ ನೋಡಿ ನಂಬುತ್ತಿದ್ದಾರೆ. ಬುದ್ಧಿ ಬರುವುದು ಯಾವಾಗ ಈ ಮನುಷ್ಯನಿಗೆ? "ಹೋಗಿ, ಕೆಲಸ ನೋಡ್ಕೊಳ್ಳಿ, ಸಂಜೆ ಮಾತಾಡೋಣ," ಎಂದು ಸಿಡುಕಿ ಕಳಿಸಿದೆ. ಅವರು ಹೋದಮೇಲೆ ಡ್ರಾಯರು ಎಳೆದೆ. ಅರ್ಜಿಯನ್ನು ಹರಿಯಲಿಲ್ಲ, ಅಂಥ ನಾಟಕ ನನಗೆ ಬರುವುದಿಲ್ಲ. ಎಲ್ಲ ಫೈಲುಗಳ ಅಡಿಗೆ ತಳ್ಳಿ ಮುಚ್ಚಿದೆ. ತಂಗಿಗೆ ಫೋನು ಮಾಡಿ ಮಹಡಿಯನ್ನು ಬಾಡಿಗೆಗೆ ಕೊಡು ಎಂದೆ. ಅವಳು ಯಾಕೆಂದು ಕೇಳಿದಳು, ನಾನು ಹೇಳಿದೆ, ಇಬ್ಬರೂ ಸ್ವಲ್ಪ ಅತ್ತೆವು.

ಸಂಜೆ ಟೆಕ್ನಿಷಿಯನ್ನರಿಗೆ ಎಲ್ಲವನ್ನೂ ಹೇಳಿದೆ, ಪಿಂಚಣಿಯ ಮಾತನ್ನೂ ಬಿಡಲಿಲ್ಲ. ಎರಡು ಪಾಲು ನನ್ನದು, ಒಂದು ಪಾಲು ನಿಮ್ಮದು ಎಂದೆ. ಅವರು ಸರಿ ಎಂದರು. ಧನ್ಯವಾದ ಹೇಳಲಿಲ್ಲ. ಅದು ನನಗೆ ಸಮಾಧಾನವಾಯಿತು.

ಇನ್ನು ಅವಳು. ಈ ಸಲ ಫೋನು ಎತ್ತಿದಳು.

"ಅರ್ಜಿ ಹಾಕು," ಎಂದೆ.

"ಹಾಕಂಗಿಲ್ಲ ಅಕ್ಕಾರ. ನಾ ಪಾಪರ್ ಆಗಿ ನಿಮ್ಮ ಕೊರಳಿಗೆ ಕಟ್ಟೂದಾ? ಆಮ್ಯಾಲ ನಿಮ್ಮ ಮುಂದ ಹ್ಯಾಂಗ ನಿಲ್ಲಲಿ?"

"ಈಗೇನು ನಿಂತಿದೀಯಾ? ಬಾಗಿಲ ಹಿಂದೆ ಬಚ್ಚಿಟ್ಕೊಂಡಿದೀಯ. ಮಗಳ ಬಾಯಲ್ಲಿ ಸುಳ್ಳು ಹೇಳಿಸ್ತಿದೀಯ."

ಅಷ್ಟು ಕಟುವಾಗಿ ಹೇಳಬಾರದಿತ್ತೇನೋ, ಆದರೆ ಹೇಳಿದ್ದು ಸುಳ್ಳಲ್ಲ.

"ಕೇಳು," ಎಂದೆ. "ಚೀಟಿ ಹೇಗೂ ನಮ್ಮ ಮೇಲೆ ಬಂದಾಯ್ತು. ನೀನು ಅರ್ಜಿ ಹಾಕದಿದ್ರೆ ನಾನೂ ಮುಳುಗ್ತೀನಿ, ನೀನೂ ಮುಳುಗ್ತೀಯ. ಹಾಕಿದ್ರೆ ಒಬ್ಬಳಾದ್ರೂ ದಡ ಸೇರ್ತಾಳೆ. ಆ ಆ್ಯಪ್‌ನೋರ ಕಾಟ ನಿಲ್ಲುತ್ತೆ."

"ನಿಮ್ಮ ರೊಕ್ಕ ಒಂದ ದಿನ ಕೊಟ್ಟಽ ಕೊಡ್ತೀನಿ. ಕೋರ್ಟು ಮಾಫಿ ಮಾಡಿದ್ರೂ ಕೊಡ್ತೀನಿ."

"ಕೊಡು. ಬೇಡ ಅನ್ನೋವಷ್ಟು ದೊಡ್ಡೋಳಲ್ಲ ನಾನು. ಆದಾಗ ಕೊಡು."

ಅವಳು ನಕ್ಕಳೋ ಅತ್ತಳೋ ಫೋನಿನಲ್ಲಿ ತಿಳಿಯಲಿಲ್ಲ. ಆ ವಾರವೇ ವಕೀಲೆಯ ಬಳಿ ಹೋದಳು. ಅರ್ಜಿಯ ಪ್ರತಿಯೊಂದು ಪುಟವನ್ನೂ ಮಗಳು ಮಲಯಾಳದಲ್ಲಿ ಓದಿ ಹೇಳಿದಳಂತೆ, ಆಮೇಲೆಯೇ ಇವಳು ಸಹಿ ಹಾಕಿದಳಂತೆ. ಚಾಲೈಯ ಮೆಣಸಿನಕಾಯಿ ಅಂಗಡಿಯ ಬಾಕಿಯನ್ನೂ ಬರೆಸಿದ್ದಳು. ಮುಂದೆ ಅದಾಲತ್ತಿನಲ್ಲಿ ಕಂಪನಿ ಬಡ್ಡಿಯಲ್ಲಿ ಒಂದಿಷ್ಟು ಬಿಟ್ಟು ನಮಗೆ ಕಂತು ಮಾಡಿಕೊಟ್ಟಿತು, ಸಂಬಳ ಜಪ್ತಿಯ ಆದೇಶ ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಬರಲಿಲ್ಲ. ಕಂತು ಕಟ್ಟುವ ದಿನ ಬಂದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ. ಅಂಥ ದಿನ ಅವಳಿಗೆ ಫೋನು ಮಾಡುವುದಿಲ್ಲ, ಮರುದಿನ ಮಾಡುತ್ತೇನೆ.

ಆದರೆ ನನಗೆ ನೆನಪಿನಲ್ಲಿ ಉಳಿದಿರುವುದು ಅದಾಲತ್ತಿಗೂ ಮೊದಲಿನ ಒಂದು ಭಾನುವಾರ. ಅದಾಲತ್ತಿಗೆ ಬೇಕಾದ ಕಾಗದಗಳನ್ನು ತೆಗೆದುಕೊಂಡು ಹೋಗಲು ಅವಳು ತುಂಬಕ್ಕೆ ಬಂದಳು. ಚೀಲದಲ್ಲಿ ಹಂಚು ತಂದಿದ್ದಳು. ನನ್ನ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿದಳು. ಆ ಸದ್ದು ಕೇಳಿ ಮೇಲಿನ ಮನೆಯವರು ಬಾಲ್ಕನಿಯಿಂದ ಇಣುಕಿ, ರೊಟ್ಟಿಯಕ್ಕ ಬಂದಿದ್ದಾರಾ ಎಂದು ಕೂಗಿದರು. ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ, "ಬಂದೀನ್ರಿ," ಎಂದಳು. ಊಟ ಮುಗಿಸಿ ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅವಳು ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಹಾಡುಹಗಲಲ್ಲಿ, ಇನ್ನೊಬ್ಬರ ಮನೆಯಲ್ಲಿ, ಕಾಲು ಚಾಚಿಕೊಂಡು ಮಲಗಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸಮಾಧಾನವೂ ಆಯಿತು.

ಮೇಜಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಚೀಟಿ ಕಂಪನಿಯ ನಂಬರು. ನಿದ್ದೆಯಲ್ಲೇ ಅವಳ ಹೆಗಲು ಸಣ್ಣಗೆ ನಡುಗಿತು. ಮತ್ತೆ ಬಡಿದುಕೊಂಡಿತು. ನಾನು ಫೋನು ಎತ್ತಿಕೊಂಡು ಬಾಲ್ಕನಿಗೆ ಹೋದೆ, ಹಿಂದಿನಿಂದ ಬಾಗಿಲು ಎಳೆದುಕೊಂಡೆ. ಆ ಕಡೆಯವರು ಅವಳ ಹೆಸರು ಹಿಡಿದು ಗದರಿಸಲು ಶುರುಮಾಡಿದರು. ಅವಳು ಕೋರ್ಟಿಗೆ ಅರ್ಜಿ ಹಾಕಿದ್ದಾಳೆ, ನಂಬರು ಬರೆದುಕೊಳ್ಳಿ ಎಂದು ತಪ್ಪುತಪ್ಪು ಮಲಯಾಳದಲ್ಲೇ ಹೇಳಿದೆ. ನೀವು ಯಾರು ಎಂದು ಕೇಳಿದರು. ಇಪ್ಪತ್ತು ವರ್ಷ ಹೊರಟು ನಿಂತವಳು ಆ ಊರಿನ ಭಾಷೆಯಲ್ಲಿ ತಡವರಿಸದೆ ಹೇಳಿದ ಮೊದಲ ಮಾತು ಆಗ ಕೊಟ್ಟ ಉತ್ತರವೇ ಇರಬೇಕು.

"ಜಾಮ್ಯಕ್ಕಾರಿ ಞಾನಾಣ್," ಎಂದೆ. "ಜಾಮೀನು ನಾನು. ಅವಳು ಮಲಗಿದಾಳೆ, ಏನಿದ್ರೂ ನನ್ ಹತ್ರ ಮಾತಾಡಿ."